ಎಣ್ಣೆಯನ್ನು ಮಾರಿ ಸಾಲ ತೀರಿಸು

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ ಕರ್ತನ ನಾಮದಲ್ಲಿ ವಂದನೆಗಳು. ನನ್ನ ಯಜಮಾನರು ನಾಲ್ಕು ವರ್ಷಗಳ ಹಿಂದೆ ತಮ್ಮ ತಮ್ಮನ ಸಾಲಕ್ಕೆ ಇಲ್ಲಿಯ ಪತ್ತಿನ ಸಂಘವೊಂದರಲ್ಲಿ ಜಾಮೀನು ನಿಂತಿದ್ದರು. ಮೈದುನ ಕಂತು ಕಟ್ಟುವುದನ್ನು ನಿಲ್ಲಿಸಿ ಊರು ಬಿಟ್ಟಿದ್ದಾನೆ. ಸಂಘದ ನೋಟೀಸು ಈಗ ನಮ್ಮ ಮನೆಗೆ ಬಂದಿದೆ. ದೇವರಿಗೆ ಒಪ್ಪಿಸಿಬಿಡು, ಆತನೇ ನೋಡಿಕೊಳ್ಳುತ್ತಾನೆ ಎಂದು ಹೇಳಿ ಯಜಮಾನರು ಸುಮ್ಮನಿದ್ದಾರೆ. ನಾನು ಹೊಲಿಗೆ ಕೆಲಸವನ್ನು ಹೆಚ್ಚಿಸಿಕೊಂಡು, ಎರಡು ಬಳೆಗಳನ್ನು ಮಾರಿ, ಮೂರು ಕಂತು ಕಟ್ಟಿದೆ. ನಮ್ಮ ಪ್ರಾರ್ಥನಾ ಕೂಟದ ಸಹೋದರಿಯರು ಇದನ್ನು ಕೇಳಿ, ಇದು ಅವಿಶ್ವಾಸ, ಆಕಾಶದ ಪಕ್ಷಿಗಳನ್ನು ನೋಡು, ಬಿತ್ತದೆ ಕೊಯ್ಯದೆ ಇದ್ದರೂ ದೇವರು ಅವುಗಳನ್ನು ಸಾಕುತ್ತಾನೆ ಎಂದರು. (ಅವರಲ್ಲಿ ಇಬ್ಬರಿಂದ ಹೊಲಿಗೆಯ ದುಡ್ಡು ಬರುವುದು ಬಾಕಿ ಇದೆ, ಆ ಮಾತು ಬೇರೆ.) ದೇವರಲ್ಲಿ ಭರವಸೆ ಇಡುವುದು, ದೇವರಿಗೆ ವಿಧೇಯರಾಗುವುದು, ಇವೆರಡರಲ್ಲಿ ಯಾವುದು ಮೊದಲು? ನಾನು ವಿಧೇಯಳಾಗಿ ನಡೆಯುತ್ತಿದ್ದರೂ ದೇವರು ಇನ್ನೂ ಬಾಗಿಲು ತೆರೆದಿಲ್ಲವೇಕೆ?
— ಓದುಗ ಸಹೋದರಿ, ಬೆಟಗೇರಿ

ಸಂಪಾದಕರ ಉತ್ತರ

ಪ್ರಿಯ ಸಹೋದರಿ,

ನಿಮ್ಮ ಯಜಮಾನರ ಪಕ್ಷವನ್ನು ಮೊದಲು ಹೇಳಿ ಮುಗಿಸುತ್ತೇನೆ, ಏಕೆಂದರೆ ಆಮೇಲೆ ಅವರ ಕಡೆಗೆ ಹೊರಳಿ ನೋಡುವ ಉದ್ದೇಶ ನನಗಿಲ್ಲ. ದೇವರು ನೋಡಿಕೊಳ್ಳುತ್ತಾನೆ ಎಂಬುದು ಹಗುರವಾದ ಮಾತಲ್ಲ. ಮಧ್ಯರಾತ್ರಿ ಎಚ್ಚರವಾಗಿ ಬಡ್ಡಿಯ ಲೆಕ್ಕ ಹಾಕುತ್ತ ಮಲಗಿದವನಿಗೆ ಆ ಮಾತು ಎಂಥ ಆಸರೆ ಎಂಬುದನ್ನು ನಾನೂ ಬಲ್ಲೆ. ನಾವು ರಕ್ಷಣೆ ಹೊಂದುವುದು ಕೃಪೆಯಿಂದಲೇ ಹೊರತು ಕಟ್ಟಿದ ಕಂತುಗಳಿಂದಲ್ಲ ಎಂಬುದನ್ನೂ ಒಪ್ಪುತ್ತೇನೆ. ಅಣ್ಣನಾದವನು ತಮ್ಮನಿಗಾಗಿ ಸಹಿ ಹಾಕಿದ್ದು ಪ್ರೀತಿಯಿಂದಲೇ. ಆಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಮ್ಮ ಅನೇಕ ಮನೆಗಳಲ್ಲಿರುವಂತೆ ನಿಮ್ಮ ಮನೆಯ ಪಡಸಾಲೆಯಲ್ಲಿಯೂ 37ನೇ ಕೀರ್ತನೆಯ ಐದನೆಯ ವಚನ, ನಿನ್ನ ಮಾರ್ಗವನ್ನು ಯೆಹೋವನಿಗೆ ಒಪ್ಪಿಸು ಎಂಬುದು, ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ ಇರಬಹುದೆಂದು ಊಹಿಸುತ್ತೇನೆ. ನನ್ನ ಮನೆಯಲ್ಲಂತೂ ಇದೆ. ದಯವಿಟ್ಟು ಬೈಬಲನ್ನು ತೆರೆದು ಅದೇ ಕೀರ್ತನೆಯಲ್ಲಿ ಎರಡು ವಚನ ಮೇಲಕ್ಕೆ ಹೋಗಿರಿ. ಯೆಹೋವನಲ್ಲಿ ಭರವಸವಿಟ್ಟು ಒಳ್ಳೆಯದನ್ನು ಮಾಡು ಎಂದಿದೆ. ‘ಇಟ್ಟು’ ಎಂಬುದು ನಾವು ಶಾಲೆಯಲ್ಲಿ ಕಲಿತ ಅಪೂರ್ಣ ಕ್ರಿಯೆ. ಕನ್ನಡದಲ್ಲಿ ಒಬ್ಬನು ‘ಚೀಲ ತೆಗೆದುಕೊಂಡು’ ಎಂದು ಹೇಳಿ ನಿಲ್ಲಿಸಿದರೆ ಕೇಳುವವರು ಅವನ ಬಾಯಿ ನೋಡುತ್ತ ಕಾಯುತ್ತಾರೆ. ತೆಗೆದುಕೊಂಡು ಎಲ್ಲಿಗೆ ಹೋದ, ಏನು ತಂದ ಎಂಬುದು ಬರಬೇಕು. ಭರವಸವಿಟ್ಟು ಎಂದು ಹೇಳಿ ಅಲ್ಲಿಗೇ ಕುಳಿತುಬಿಟ್ಟ ವಿಶ್ವಾಸಿಯ ಮಾತೂ ಹಾಗೆಯೇ ನಡುವೆ ನಿಂತಿದೆ. ನೀವು ಯಾವುದು ಮೊದಲು ಎಂದು ಕೇಳಿದ್ದೀರಿ. ವಾಕ್ಯದಲ್ಲಿ ಭರವಸೆ ಮೊದಲು ಬರುತ್ತದೆ, ಆದರೆ ವಾಕ್ಯ ಮುಗಿಯುವುದು ‘ಮಾಡು’ ಎಂಬಲ್ಲಿ. ಇನ್ನಷ್ಟು ಕೆಳಗಿಳಿದು 21ನೆಯ ವಚನವನ್ನು ನೋಡಿದರೆ, ಸಾಲ ತೆಗೆದುಕೊಂಡು ಹಿಂದಕ್ಕೆ ಕೊಡದವನನ್ನು ಕೀರ್ತನೆಗಾರನು ದುಷ್ಟರ ಸಾಲಿನಲ್ಲಿ ನಿಲ್ಲಿಸಿದ್ದಾನೆ. ಆ ವಚನಕ್ಕೆ ಕಟ್ಟು ಹಾಕಿಸಿದ ಮನೆಯನ್ನು ನಾನು ಈವರೆಗೆ ಕಂಡಿಲ್ಲ.

ಇದು ನನ್ನ ಹಳೆಯ ದೂರು, ಈ ಪತ್ರಿಕೆಯ ಓದುಗರು ಸಹಿಸಿಕೊಳ್ಳಬೇಕು. ವರ್ಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ ತಟ್ಟೆಯಲ್ಲಿಟ್ಟು ಹಂಚುವ ವಾಗ್ದಾನದ ಕಾರ್ಡುಗಳಲ್ಲಿ ಧರ್ಮೋಪದೇಶಕಾಂಡ 28:13 ತಪ್ಪದೆ ಇರುತ್ತದೆ: ಯೆಹೋವನು ನಿನ್ನನ್ನು ಬಾಲವಾಗಿ ಅಲ್ಲ, ತಲೆಯಾಗಿ ಮಾಡುವನು. ಅದೇ ವಚನದ ಉಳಿದ ಭಾಗ, ಅಂದರೆ ನಾನು ಕೊಡುವ ಆಜ್ಞೆಗಳನ್ನು ಕೈಕೊಂಡು ನಡೆದರೆ ಎಂಬ ಷರತ್ತು, ಕಾರ್ಡಿನಲ್ಲಿ ಹಿಡಿಸಿರುವುದಿಲ್ಲ. ಪಕ್ಕದಲ್ಲಿ ಗುಲಾಬಿ ಹೂವಿನ ಚಿತ್ರಕ್ಕೆ ಮಾತ್ರ ಜಾಗವಿರುತ್ತದೆ. ಯೆರೆಮೀಯ 29:11ರ ಗತಿಯೂ ಅದೇ. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಒಳಿತಿನವು ಎಂಬ ಆ ಮಾತು ಮದುವೆಯ ಆಮಂತ್ರಣಗಳ ಮೇಲೆಯೂ ಬರುತ್ತದೆ. ಆದರೆ ಅದು ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಬರೆದ ಪತ್ರದ ಸಾಲು. ಅದರ ಹಿಂದಿನ ವಚನದಲ್ಲಿಯೇ ಎಪ್ಪತ್ತು ವರ್ಷ ಎಂಬ ಅವಧಿಯೂ ಇದೆ. ಅದಕ್ಕೂ ಮೊದಲು ಆ ಪತ್ರವು ಅವರಿಗೆ ಏನು ಹೇಳುತ್ತದೆ? ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳ ಮದುವೆ ಮಾಡಿರಿ, ನೀವಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು. ಬಿಡುಗಡೆಯ ಭರವಸೆ ಪಡೆದವರ ಕೈಗೆ ಪ್ರವಾದಿಯು ಮೊದಲು ಗುದ್ದಲಿಯನ್ನು ಕೊಟ್ಟನು.

ನಿಮ್ಮ ಸಂಕಟಕ್ಕೆ ತೀರ ಹತ್ತಿರವಾದ ಕಥೆಯು ಎರಡನೆಯ ಅರಸುಗಳು ನಾಲ್ಕನೆಯ ಅಧ್ಯಾಯದಲ್ಲಿದೆ. ಪ್ರವಾದಿಗಳ ಮಂಡಲಿಯವನೊಬ್ಬನ ವಿಧವೆ ಪ್ರವಾದಿಯಾದ ಎಲೀಷನ ಬಳಿಗೆ ಬಂದು, ನನ್ನ ಗಂಡನು ಸತ್ತನು, ಅವನು ಯೆಹೋವನಿಗೆ ಭಯಪಡುವವನಾಗಿದ್ದನು, ಈಗ ಸಾಲ ಕೊಟ್ಟವನು ನನ್ನ ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದಿದ್ದಾನೆ ಎಂದು ಮೊರೆಯಿಟ್ಟಳು. (ದೇವರಿಗೆ ಭಯಪಡುವ ಗಂಡಂದಿರೂ ಸಾಲ ಬಿಟ್ಟುಹೋಗುತ್ತಾರೆಂಬುದನ್ನು ವೇದವು ಮುಚ್ಚಿಡಲಿಲ್ಲ.) ಎಲೀಷನು ಅವಳಿಗೆ ಸಾಂತ್ವನದ ಪ್ರಸಂಗ ಮಾಡಲಿಲ್ಲ, ನಿನ್ನ ಮನೆಯಲ್ಲಿ ಏನಿದೆ ಎಂದು ಕೇಳಿದನು. ಒಂದು ಕುಡಿಕೆ ಎಣ್ಣೆಯ ಹೊರತು ಏನೂ ಇಲ್ಲ ಎಂದಳು. ನೆರೆಹೊರೆಯವರಿಂದ ಖಾಲಿ ಪಾತ್ರೆಗಳನ್ನು ಎರವಲು ತಾ, ಕೆಲವೇ ತಂದು ನಿಲ್ಲಿಸಬೇಡ, ಬಾಗಿಲು ಮುಚ್ಚಿಕೊಂಡು ಹೊಯ್ಯಿ ಎಂದನು. ಪಾತ್ರೆಗಳಿರುವವರೆಗೂ ಎಣ್ಣೆ ಬಂತು, ಪಾತ್ರೆಗಳು ಮುಗಿದಾಗ ಎಣ್ಣೆಯೂ ನಿಂತಿತು.

ನಮ್ಮ ಕೂಟಗಳಲ್ಲಿ ಈ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ, ಒಂದು ಹಾಡು ಆರಂಭವಾಗುತ್ತದೆ. ವೇದದಲ್ಲಿ ಮುಗಿಯುವುದಿಲ್ಲ. ಅವಳು ಮತ್ತೆ ಎಲೀಷನ ಬಳಿಗೆ ಹೋಗುತ್ತಾಳೆ. ಅವನು, ಹೋಗಿ ಎಣ್ಣೆಯನ್ನು ಮಾರು, ಸಾಲ ತೀರಿಸು, ಉಳಿದುದರಿಂದ ನೀನೂ ನಿನ್ನ ಮಕ್ಕಳೂ ಜೀವನ ಮಾಡಿರಿ ಎನ್ನುತ್ತಾನೆ. ಒಂದು ಕುಡಿಕೆಯನ್ನು ನೂರು ಪಾತ್ರೆಯಾಗಿಸಬಲ್ಲ ದೇವರು ಸಾಲ ಕೊಟ್ಟವನ ಮನಸ್ಸನ್ನು ಕರಗಿಸಬಹುದಿತ್ತು, ಅವನ ಪತ್ರವನ್ನು ಇಲಿ ಕಡಿಯುವಂತೆ ಮಾಡಬಹುದಿತ್ತು. ಹಾಗೆ ಮಾಡಲಿಲ್ಲ. ಅದ್ಭುತದ ಎಣ್ಣೆಯೂ ಸಂತೆಗೆ ಹೋಗಬೇಕಾಯಿತು, ಅಳೆಸಿಕೊಳ್ಳಬೇಕಾಯಿತು, ಕೊಳ್ಳುವವರ ಚೌಕಾಶಿಯನ್ನು ಕೇಳಬೇಕಾಯಿತು. ಆ ವಿಧವೆ ಬಿಸಿಲಿನಲ್ಲಿ ಪಾತ್ರೆ ಹೊತ್ತು ನಡೆದ ಆ ಸಂತೆಯ ದಿನದ ಮೇಲೆ ಒಬ್ಬ ಉಪದೇಶಿಯಾದರೂ ಪ್ರಸಂಗ ಮಾಡಿದ್ದನ್ನು ನಾನು ಐವತ್ತು ವರ್ಷಗಳಲ್ಲಿ ಕೇಳಿಲ್ಲ. ನಿಮ್ಮ ಎರಡು ಬಳೆಗಳು ಅಂಗಡಿಯ ತಕ್ಕಡಿಯನ್ನು ಏರಿದ ದಿನ ನೀವು ಅವಳ ಜೊತೆಯಲ್ಲಿ ನಡೆದಿರಿ. ಇದನ್ನು ಅವಿಶ್ವಾಸ ಎನ್ನುವವರು ಎಲೀಷನಿಗೂ ಆ ಹೆಸರನ್ನು ಕೊಡಬೇಕಾಗುತ್ತದೆ.

ದೊಡ್ಡ ವಿಶ್ವಾಸಿಗಳ ಜೀವನವನ್ನೂ ನಾವು ಹೀಗೆಯೇ ಅರ್ಧಕ್ಕೆ ಕತ್ತರಿಸಿ ಇಟ್ಟುಕೊಂಡಿದ್ದೇವೆ. ಬ್ರಿಸ್ಟಲಿನ ಜಾರ್ಜ್ ಮುಲ್ಲರ್ ಅವರು 1836ರಲ್ಲಿ ಒಂದು ಬಾಡಿಗೆ ಮನೆಯಲ್ಲಿ ಅನಾಥಾಲಯವನ್ನು ಆರಂಭಿಸಿ, ತಮ್ಮ ಜೀವಮಾನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು, ಯಾರ ಮುಂದೆಯೂ ಕೈಚಾಚದೆ, ಪ್ರಾರ್ಥನೆಯ ಬಲದಿಂದ ಸಾಕಿದರೆಂಬುದು ನಮ್ಮ ಭಾನುವಾರದ ಶಾಲೆಯ ಮಕ್ಕಳಿಗೂ ಗೊತ್ತು. ಊಟದ ಮೇಜಿನ ಮುಂದೆ ಖಾಲಿ ತಟ್ಟೆಗಳಿಗೆ ಸ್ತೋತ್ರ ಸಲ್ಲಿಸಿದಾಗ ರೊಟ್ಟಿಯವನು ಬಾಗಿಲು ತಟ್ಟಿದನೆಂಬ ಕಥೆಯನ್ನು ಎಷ್ಟು ಸಲ ಕೇಳಿದ್ದೇವೆ! ಆದರೆ ಅದೇ ಮುಲ್ಲರ್ ಅವರು ಸಂಸ್ಥೆಗಾಗಿ ಸಾಲ ಮಾಡಬಾರದೆಂದು ನಿಯಮ ಹಾಕಿಕೊಂಡಿದ್ದರು, ಬಂದ ಕಾಣಿಕೆಗಳ ಲೆಕ್ಕವನ್ನು ವರ್ಷವರ್ಷವೂ ಅಚ್ಚು ಹಾಕಿಸಿ ಜನರ ಮುಂದೆ ಇಡುತ್ತಿದ್ದರು. ಪ್ರಾರ್ಥನೆಯ ಕಥೆಯನ್ನು ಹೇಳುವವರಿಗೆ ಲೆಕ್ಕದ ಪುಸ್ತಕದ ನೆನಪಾಗುವುದಿಲ್ಲ. ತಮ್ಮ ಸಭೆಯ ಲೆಕ್ಕವನ್ನು ಕೇಳಿದವರನ್ನು ಆತ್ಮಿಕರಲ್ಲ ಎಂದು ಬದಿಗೆ ಸರಿಸುವ ಕೆಲವು ಹಿರಿಯರಿಗಂತೂ ಆಗುವುದೇ ಇಲ್ಲ.

ಇಂಗ್ಲಿಷ್ ಮಿಶನರಿ ಹಡ್ಸನ್ ಟೇಲರ್ ಅವರ ಪ್ರಸಂಗವು ಇದಕ್ಕಿಂತಲೂ ಸ್ವಾರಸ್ಯವಾದುದು. 1853ರಲ್ಲಿ, 21 ವರ್ಷದ ಹುಡುಗನಾಗಿ, ಅವರು ಚೀನಾಕ್ಕೆ ಹೊರಟ ಹಡಗು ವೇಲ್ಸಿನ ಕರಾವಳಿಯ ಹತ್ತಿರ ಬಿರುಗಾಳಿಗೆ ಸಿಕ್ಕಿತು. ತಾಯಿಯ ಒತ್ತಾಯಕ್ಕೆ ಕಟ್ಟಿಕೊಂಡು ಬಂದಿದ್ದ ತೇಲುವ ಪಟ್ಟಿಯೊಂದು ಅವರ ಬಳಿ ಇತ್ತು. ಇದನ್ನು ಇಟ್ಟುಕೊಂಡರೆ ದೇವರ ಮೇಲೆ ಪೂರ್ಣ ಭರವಸೆ ಇಟ್ಟಂತಾಗುವುದಿಲ್ಲವೆಂದು ಮನಸ್ಸು ಚುಚ್ಚಿದ್ದರಿಂದ ಅದನ್ನು ಬೇರೊಬ್ಬರಿಗೆ ಕೊಟ್ಟುಬಿಟ್ಟರು. ಮನಸ್ಸಿಗೆ ಶಾಂತಿಯೂ ಬಂತಂತೆ. ಆದರೆ ಅದೇ ಶಾಂತಿಯಲ್ಲಿ, ನೀರಿನ ಮೇಲೆ ತೇಲಬಹುದಾದ ಹಗುರ ಸಾಮಾನುಗಳನ್ನು ಒಟ್ಟುಮಾಡಿ ಇಟ್ಟುಕೊಂಡರು! ಹಡಗು ಉಳಿಯಿತು. ತಾನು ಮಾಡಿದ್ದು ತಪ್ಪು ತಿಳಿವಳಿಕೆಯೆಂದೂ, ದೇವರು ಕೊಟ್ಟ ಸಾಧನವನ್ನು ಬಳಸುವುದರಿಂದ ಆತನ ಮೇಲಿನ ಭರವಸೆ ಕುಂದುವುದಿಲ್ಲವೆಂದೂ ಅವರು ಮುಂದೆ ತಾವೇ ಬರೆದುಕೊಂಡರು. ನಮ್ಮ ಅನೇಕ ಸಾಕ್ಷಿಗಳು ಪಟ್ಟಿಯನ್ನು ಕೊಟ್ಟುಬಿಟ್ಟ ಘಟ್ಟದಲ್ಲಿಯೇ ಮುಗಿದುಹೋಗಿವೆ.

ನಿಮ್ಮ ಬೆಟಗೇರಿಗೆ ಬಾಸೆಲ್ ಮಿಶನ್ನಿನವರು ಬಂದು ನೆಲೆಸಿದ್ದು 1841ರಲ್ಲಿ. ಅವರ ಕಠಿಣ ಶಿಸ್ತಿನ ಬಗ್ಗೆ ನನಗೆ ತಕರಾರುಗಳಿವೆ, ಅದು ಇನ್ನೊಂದು ಸಂಚಿಕೆಯ ಮಾತು. ಆದರೆ ದೀಕ್ಷಾಸ್ನಾನ ಪಡೆದುದರಿಂದ ಮನೆಯನ್ನೂ ಕುಲಕಸುಬನ್ನೂ ಕಳೆದುಕೊಂಡು ಮಂಗಳೂರಿನಲ್ಲಿ ಅವರ ಬಾಗಿಲಿಗೆ ಬಂದವರಿಗೆ ಅವರು ಆಕಾಶದ ಪಕ್ಷಿಗಳನ್ನು ತೋರಿಸಿ ಕಳುಹಿಸಲಿಲ್ಲ. ಮಗ್ಗ ಹಾಕಿಸಿದರು, ಪುಸ್ತಕ ಕಟ್ಟುವುದನ್ನು ಕಲಿಸಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಪಕ್ಷಿಗಳ ಮಾತು ಬಂದಿತೆಂದು ಹೇಳುತ್ತೇನೆ: ಮತ್ತಾಯ ಆರನೆಯ ಅಧ್ಯಾಯದಲ್ಲಿ ಕರ್ತನು ಬೇಡವೆಂದದ್ದು ಚಿಂತೆಯನ್ನು. ಮೊದಲು ದೇವರ ರಾಜ್ಯಕ್ಕಾಗಿಯೂ ಆತನ ನೀತಿಗಾಗಿಯೂ ತವಕಪಡಿರಿ ಎಂಬುದು ಅದೇ ಬೋಧನೆಯ ಮಾತು. ಕೊಡಬೇಕಾದದ್ದನ್ನು ಕೊಡುವುದು ಆ ನೀತಿಯಲ್ಲಿ ಸೇರದಿದ್ದರೆ ಮತ್ತೇನು ಸೇರುತ್ತದೆಯೋ ನಾನರಿಯೆ.

ನಾನು ಇಷ್ಟು ಖಾರವಾಗಿ ಬರೆಯುವುದಕ್ಕೆ ಕಾರಣವೂ ಇದೆ. ಬಹಳ ವರ್ಷಗಳ ಹಿಂದೆ ಈ ಪತ್ರಿಕೆಯನ್ನು ಮುದ್ರಿಸಿಕೊಡುತ್ತಿದ್ದ ಹಿರಿಯರೊಬ್ಬರಿಗೆ ನಾನು ಐದು ತಿಂಗಳ ಬಿಲ್ಲು ಬಾಕಿ ಉಳಿಸಿಕೊಂಡಿದ್ದೆ. ಅವರು ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ಒಂದು ದಿನ ಅವರು ಕೇಳಿದಾಗ ನಾನು ಗಂಭೀರವಾದ ಮುಖ ಮಾಡಿಕೊಂಡು, ದೇವರು ಒದಗಿಸುತ್ತಾನೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, “ದೇವರು ನಿಮಗ ಕೊಟ್ಟ ದಿನಾ ನನಗೂ ಒಂದು ಮಾತು ಹೇಳ್ರಿ ಸರ. ಕಾಗದದ ಅಂಗಡ್ಯಾಂವಗ ನಾ ಹೋದ ತಿಂಗಳಾನ ಕೊಟ್ಟೀನಿ” ಎಂದರು. ನನ್ನ ಭರವಸೆಯ ಖರ್ಚನ್ನು ಅವರು ಭರಿಸುತ್ತಿದ್ದರು. ಆ ವಾರವೇ ನನ್ನ ಸೈಕಲ್ಲನ್ನೂ ಹೆಂಡತಿಯ ಒಂದು ಸರವನ್ನೂ ಮಾರಿ ಅರ್ಧ ಕೊಟ್ಟೆ. ಉಳಿದ ಅರ್ಧಕ್ಕೆ ಎರಡು ವರ್ಷ ಹಿಡಿಯಿತು. ಅವರು ಬಡ್ಡಿ ಕೇಳಲಿಲ್ಲ.

ನಿಮ್ಮ ಯಜಮಾನರಿಗೆ ತಿಳಿದಿರಲಿ ಎಂದು ವ್ಯವಹಾರದ ಮಾತನ್ನೂ ಬರೆಯುತ್ತೇನೆ. ಜಾಮೀನು ಎಂದರೆ ಸಾಕ್ಷಿಯ ಸಹಿಯಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಇರುತ್ತದೆ. ನ್ಯಾಯವಾಗಿ ಕಟ್ಟಿದ ಹಣವನ್ನು ಸಾಲ ಪಡೆದವನಿಂದ ವಸೂಲು ಮಾಡಿಕೊಳ್ಳುವ ಹಕ್ಕೂ ಅದೇ ಕಾಯ್ದೆಯಲ್ಲಿ ಇದೆ. ಆದ್ದರಿಂದ ಪ್ರತಿ ರಶೀದಿಯನ್ನು ಜೋಪಾನವಾಗಿಡಿ. ಜ್ಞಾನೋಕ್ತಿ 22:26 ಮತ್ತು 27ರಲ್ಲಿ, ಸಾಲಕ್ಕೆ ಹೊಣೆಯಾಗಬೇಡ, ತೀರಿಸಲು ನಿನಗೆ ಗತಿಯಿಲ್ಲದೆ ಹೋದರೆ ನಿನ್ನ ಕೆಳಗಿನ ಹಾಸಿಗೆಯನ್ನೂ ಎಳೆದುಕೊಂಡು ಹೋದಾರು ಎಂಬರ್ಥದ ಎಚ್ಚರಿಕೆ ಇದೆ. ಸಹಿ ಹಾಕುವ ಮೊದಲು ಓದಬೇಕಾದ ವಚನ ಅದು. ಈಗ ಅದನ್ನು ಅವರ ಮುಂದೆ ಓದಿ ಚುಚ್ಚಬೇಡಿ. ಇಬ್ಬರೂ ಕೂಡಿ ಸಂಘದ ಕಚೇರಿಗೆ ಹೋಗಿ ಕಾರ್ಯದರ್ಶಿಗಳನ್ನು ಕಾಣಿರಿ, ಕಂತನ್ನು ಚಿಕ್ಕದು ಮಾಡಿ ಅವಧಿಯನ್ನು ಹೆಚ್ಚಿಸಲಾಗುವುದೇ ಎಂದು ಕೇಳಿರಿ. ಮೂರು ಕಂತು ಕಟ್ಟಿ ಬಂದವರ ಮಾತಿಗೆ ಅಲ್ಲಿ ಹೆಚ್ಚು ತೂಕ ಇರುತ್ತದೆ.

ಇನ್ನು ನಿಮಗೊಂದು ಮಾತು. ಪತ್ರದುದ್ದಕ್ಕೂ ನಿಮ್ಮ ಪರವಾಗಿ ವಾದಿಸಿದ ನನಗೆ ನಿಮ್ಮ ಕೊನೆಯ ಸಾಲು ಇರಿಸುಮುರಿಸು ಮಾಡಿತು. ನಾನು ವಿಧೇಯಳಾಗಿದ್ದರೂ ದೇವರು ಬಾಗಿಲು ತೆರೆದಿಲ್ಲವೇಕೆ ಎಂದಿದ್ದೀರಿ. ಸಹೋದರಿ, ನೀವು ಸಂಘಕ್ಕೆ ಕಟ್ಟುತ್ತಿರುವುದು ಕಂತು. ದೇವರಿಗೂ ಕಂತು ಕಟ್ಟುತ್ತಿದ್ದೇನೆ, ಆತನು ಇನ್ನೂ ರಶೀದಿ ಕೊಟ್ಟಿಲ್ಲ ಎಂಬ ಲೆಕ್ಕ ಬೇಡ. ನಿಮ್ಮ ಯಜಮಾನರು ಭರವಸೆಯ ಹೆಸರಿನಲ್ಲಿ ದೇವರ ಮೇಲೆ ಹೊರಿಸಿದ್ದನ್ನೇ ನೀವು ವಿಧೇಯತೆಯ ಹೆಸರಿನಲ್ಲಿ ಹೊರಿಸಿದಂತಾಗುತ್ತದೆ. ಆ ವಿಧವೆಯ ಬಾಗಿಲು ಮುಚ್ಚಿದ್ದಾಗಲೇ ಎಣ್ಣೆ ಹರಿಯಿತು ಎಂಬುದನ್ನೂ ಮರೆಯಬೇಡಿ. ಇಷ್ಟೇ ಗದರಿಕೆ.

ಕೊನೆಗೆ, ಈ ಸಂಚಿಕೆಯನ್ನು ನಿಮ್ಮ ಕೂಟದಲ್ಲಿಯೂ ಓದುವರೆಂದು ಬಲ್ಲೆನಾದ್ದರಿಂದ, ಆ ಸಹೋದರಿಯರಿಗೂ ಎರಡು ಸಾಲು. ವಿಧವೆಯ ನೆರೆಹೊರೆಯವರ ಹೆಸರುಗಳು ವೇದದಲ್ಲಿಲ್ಲ, ಅವರು ಆಡಿದ ಒಂದು ಮಾತೂ ಇಲ್ಲ. ಅವರು ಖಾಲಿ ಪಾತ್ರೆಗಳನ್ನು ಕೊಟ್ಟರೆಂಬುದಷ್ಟೇ ತಿಳಿದಿದೆ. ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲು ಕೊಡಬೇಕೆಂಬ ಆಜ್ಞೆಯು, ತಲೆ ಮತ್ತು ಬಾಲದ ವಾಗ್ದಾನವಿರುವ ಪುಸ್ತಕದಲ್ಲಿಯೇ, ಅದಕ್ಕಿಂತ ನಾಲ್ಕು ಅಧ್ಯಾಯ ಮೊದಲು ಇದೆ. ಕ್ರಿಸ್ಮಸ್ಸಿಗೆ ಹೊಸ ರವಿಕೆಗಳನ್ನು ಹೊಲಿಸುವ ಕಾಲ ಹತ್ತಿರ ಬಂದಿದೆ. ಕೂಟದವರೆಲ್ಲರೂ ಈ ವರ್ಷ ಬೆಟಗೇರಿಯ ಈ ಸಹೋದರಿಯ ಬಳಿಯೇ ಹೊಲಿಸಲಿ. ಹಳೆಯ ಬಾಕಿ ಇರುವ ಆ ಇಬ್ಬರು ಅದನ್ನು ಮೊದಲು ಕೊಟ್ಟು ಆಮೇಲೆ ಹೊಸ ಬಟ್ಟೆಯ ಅಳತೆ ಕೊಡಲಿ.