ಸಂಬಳ ಯಾರ ಕೈಯಿಂದ ಬರುತ್ತದೆ ಅಂತ ನೋಡಿಕೊಳ್ಳಿ

ಸ್ಟೂಡೆಂಟ್ ವೀಸಾದಲ್ಲಿ ಇಂಗ್ಲೆಂಡಿಗೆ ಬಂದು ಎರಡು ತಿಂಗಳಾಯಿತು, ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಪಾರ್ಟ್ ಟೈಮ್ ಕೆಲಸ ಸಿಕ್ಕಿದೆ ಅಂತ ಬರೆದಿದ್ದೀರಿ. ಸೇರಿದ ದಿನವೇ ಗುಲಾಮಗಿರಿ ತಡೆಯುವ ಬಗ್ಗೆ ಒಂದು ಕಾಗದ ಓದಿಸಿ ಸಹಿ ಹಾಕಿಸಿಕೊಂಡರಂತೆ. 'ಈ ದೇಶದಲ್ಲೂ ಇಂಥದ್ದು ಇದೆಯಾ, ನಾನು ಹೆದರಬೇಕಾ?' ಅಂತ ಕೇಳಿದ್ದೀರಿ. ಇದೇ ಕೆಲಸದಲ್ಲಿ ನಾನು ಹದಿನಾರು ವರ್ಷ ಕಳೆದಿದ್ದೇನೆ. ಮೊದಲು ಪೋರ್ಟರ್ ಆಗಿ ಸೋಫಾ, ಬೀರು ಹೊತ್ತೆ. ಈಗ ಯಾವ ಲಾರಿಗೆ ಯಾರು ಹೋಗಬೇಕು ಅಂತ ಗೊತ್ತುಮಾಡುತ್ತೇನೆ.

ಇದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಜೀತ. ಕಾಲಿಗೆ ಸಂಕೋಲೆ ಕಾಣುವುದಿಲ್ಲ. ಸಾಲವೋ, ಪಾಸ್‌ಪೋರ್ಟೋ, ಮಲಗುವ ಕೋಣೆಯೋ, ಬ್ಯಾಂಕ್ ಕಾರ್ಡೋ ಇನ್ನೊಬ್ಬರ ಹಿಡಿತದಲ್ಲಿ ಇರುತ್ತದೆ. ಬಿಟ್ಟುಹೋಗಲು ಆಗುವುದಿಲ್ಲ.

ನೀವು ಸಹಿ ಹಾಕಿದ ಕಾಗದದ ಹಿಂದೆ 2015ರ ಮಾಡರ್ನ್ ಸ್ಲೇವರಿ ಕಾಯ್ದೆ, ಅಂದರೆ ಇಂದಿನ ಕಾಲದ ಗುಲಾಮಗಿರಿ ತಡೆಯುವ ಕಾನೂನು ಇದೆ. ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ವಹಿವಾಟು ಇರುವ ಕಂಪನಿಗಳು, ತಮ್ಮಲ್ಲಿ ಮತ್ತು ತಮಗೆ ಮಾಲು, ಕೆಲಸಗಾರರನ್ನು ಒದಗಿಸುವವರಲ್ಲಿ ಜೀತ ಇರದಂತೆ ಏನು ಮಾಡಿದ್ದೇವೆ ಅಂತ ಪ್ರತಿ ವರ್ಷ ಹೇಳಿಕೆ ಕೊಡಬೇಕು. ಸಣ್ಣವರಿಗೆ ಕಡ್ಡಾಯವಿಲ್ಲ. ಆದರೆ ದೊಡ್ಡ ಆಫೀಸುಗಳ ಸ್ಥಳಾಂತರದ ಕೆಲಸ ಬೇಕು ಅಂದರೆ ಆ ಗಿರಾಕಿಗಳೇ ಕೇಳುತ್ತಾರೆ, ಹಾಗಾಗಿ ಸಣ್ಣವರೂ ಬರೆಯುತ್ತಾರೆ. ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ: 'ನಾವು ಯಾವ ಕ್ರಮವನ್ನೂ ತೆಗೆದುಕೊಂಡಿಲ್ಲ' ಅಂತ ಬರೆದರೂ ಆ ಕಾನೂನಿನ ಲೆಕ್ಕಕ್ಕೆ ಹೇಳಿಕೆ ಕೊಟ್ಟಂತೆಯೇ.

ಕಾಗದದಲ್ಲಿ ಕಾಣದ್ದು ಲಾರಿ ನಿಲ್ಲಿಸುವ ಯಾರ್ಡಿನಲ್ಲಿ ಕಾಣುತ್ತದೆ. ಕೆಲವು ವರ್ಷಗಳ ಹಿಂದೆ, ನಾನು ಆಗ ಕೆಲಸ ಮಾಡುತ್ತಿದ್ದ ಕಡೆ, ಆಗಸ್ಟ್ ಕೊನೆಯ ಶುಕ್ರವಾರ. ನಮ್ಮ ಕೆಲಸಕ್ಕೆ ಅದಕ್ಕಿಂತ ಒತ್ತಡದ ದಿನ ಇಲ್ಲ. ಜನ ಸಾಲಲಿಲ್ಲ. ದಿನದ ಲೆಕ್ಕಕ್ಕೆ ಜನ ಕಳಿಸುವ ಏಜೆನ್ಸಿಗೆ ಫೋನ್ ಮಾಡಿದೆವು, ಅವರು ಇನ್ನೊಬ್ಬರಿಗೆ ಮಾಡಿದರು. ಬೆಳಗ್ಗೆ ಆರೂವರೆಗೆ ಒಂದು ಕಾರಿನಲ್ಲಿ ಮೂವರು ಬಂದರು. ಕಾರು ಓಡಿಸಿದವನೇ ಮೂವರ ಹೆಸರನ್ನೂ ಬರೆಸಿದ. ಮೂವರದೂ ಒಂದೇ ವಿಳಾಸ, ಒಂದೇ ಫೋನ್ ನಂಬರ್. ಒಬ್ಬನ ಕಾಲಲ್ಲಿ ಸೇಫ್ಟಿ ಬೂಟು ಇರಲಿಲ್ಲ, ಹರಿದ ಕ್ಯಾನ್ವಾಸ್ ಶೂ. ಮಧ್ಯಾಹ್ನ ಅವನನ್ನು ಗಂಟೆಗೆ ಎಷ್ಟು ಕೊಡುತ್ತಾರೆ ಅಂತ ಕೇಳಿದೆ. ಅವನು ಕಾರು ಹೋದ ದಾರಿಯ ಕಡೆ ನೋಡಿ ಸುಮ್ಮನಾದ. ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಆದರೂ ಅವತ್ತು ಯಾರಿಗೂ ಹೇಳಲಿಲ್ಲ. ಸೋಮವಾರ ಮ್ಯಾನೇಜರಿಗೆ ಹೇಳುವ ಹೊತ್ತಿಗೆ ತಡವಾಗಿತ್ತು. ಆ ಮೂವರು ಮತ್ತೆ ಬರಲಿಲ್ಲ. ಆ ಶೂ ನನಗೆ ಇನ್ನೂ ನೆನಪಾಗುತ್ತದೆ.

ಬರ್ಮಿಂಗ್‌ಹ್ಯಾಮ್ ಕಡೆ ಪೊಲೀಸರು ನಡೆಸಿದ ಆಪರೇಷನ್ ಫೋರ್ಟ್ ಅನ್ನುವ ತನಿಖೆಯ ಬಗ್ಗೆ ಓದಿದಾಗ ಇದೆಲ್ಲ ಅರ್ಥವಾಯಿತು. ಪೋಲೆಂಡಿನಿಂದ ಕೆಲಸದ ಆಸೆ ತೋರಿಸಿ ಕರೆತಂದ ಸುಮಾರು 400 ಜನರನ್ನು ಒಂದು ಗುಂಪು ಹೀಗೆ ದುಡಿಸಿತ್ತು. 2019ರಲ್ಲಿ ಎಂಟು ಜನರ ಅಪರಾಧ ಸಾಬೀತಾದದ್ದು ಹೊರಗೆ ಗೊತ್ತಾಯಿತು. ಕೆಲಸಗಾರರ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆಸಿ, ಸಂಬಳ ಆ ಗುಂಪೇ ತೆಗೆದುಕೊಳ್ಳುತ್ತಿತ್ತು. ಕೂಲಿ ಕೊಟ್ಟ ಕಂಪನಿಗಳ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ಕಂಡಿರುತ್ತದೆ, ಅಲ್ವಾ?

ಈಗ ನಾನಿರುವಲ್ಲಿ ಏಜೆನ್ಸಿಯವರು ಇನ್ನೊಬ್ಬರಿಂದ ಜನ ತರುವಂತಿಲ್ಲ. ಬಂದವರಲ್ಲಿ ಒಬ್ಬೊಬ್ಬರ ಹತ್ತಿರವೂ ನಾವೇ ಬೇರೆಬೇರೆಯಾಗಿ ಮಾತಾಡುತ್ತೇವೆ, ಕರೆತಂದವನ ಎದುರು ಅಲ್ಲ. ಒಂದೇ ಖಾತೆಗೆ ಇಬ್ಬರ ಸಂಬಳ ಹೋದರೆ ಕಾರಣ ಕೇಳುತ್ತೇವೆ. ಸಹಾಯವಾಣಿಯ ನಂಬರನ್ನು ಟಾಯ್ಲೆಟ್ ಬಾಗಿಲ ಒಳಗಡೆ ಅಂಟಿಸಿದ್ದೇವೆ. ಒಬ್ಬನೇ ಇದ್ದು ಓದಬಹುದಾದ ಜಾಗ ಯಾರ್ಡಿನಲ್ಲಿ ಅದೊಂದೇ. ಕೈಗವಸು, ರಟ್ಟಿನ ಪೆಟ್ಟಿಗೆ, ಲಾರಿ ತೊಳೆಯುವವರು, ಬೇರೆ ದೇಶದಲ್ಲಿ ಸಾಮಾನು ಇಳಿಸಿಕೊಳ್ಳುವ ಏಜೆಂಟರು, ಇವರ ಬಗ್ಗೆಯೂ ವಿಚಾರಿಸುತ್ತೇವೆ. ಅದು ಇನ್ನೂ ಅರ್ಧಂಬರ್ಧ ಕೆಲಸ. ಇಲ್ಲಿ ಕೈಯಲ್ಲಿ ಕಾರು ತೊಳೆಯುವ ಜಾಗಗಳಲ್ಲಿ ಜೀತದ ಪ್ರಕರಣ ಎಷ್ಟೋ ಸಲ ಸಿಕ್ಕಿವೆ. ಅಗ್ಗವಾಗಿ ತೊಳೆದುಕೊಡುತ್ತೇವೆ ಅಂದವರನ್ನು ನಾನು ನಂಬುವುದಿಲ್ಲ.

ಇನ್ನು ನಿಮ್ಮ ವಿಷಯ. ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ಅಂತ ನಿಮ್ಮ ವೀಸಾದಲ್ಲಿ ಇದ್ದರೆ ಒಂದು ಗಂಟೆಯೂ ಮೀರಬೇಡಿ. 'ಉಳಿದದ್ದು ಕ್ಯಾಶ್ ಕೊಡುತ್ತೇನೆ' ಅಂತ ಯಾರಾದರೂ ಹೇಳಬಹುದು. ಬಲೆ ಶುರುವಾಗುವುದೇ ಅಲ್ಲಿ. ಆಮೇಲೆ ಕೂಲಿ ಕೇಳಿದರೆ 'ಹೋಮ್ ಆಫೀಸಿಗೆ (ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ) ಹೇಳಿಬಿಡುತ್ತೇನೆ' ಅನ್ನುತ್ತಾರೆ. 'ಸೆಲ್ಫ್ ಎಂಪ್ಲಾಯ್ಡ್ ಅಂತ ಬರೆದುಕೊಡು' ಅಂದರೂ ಒಪ್ಪಬೇಡಿ, ಸ್ಟೂಡೆಂಟ್ ವೀಸಾದಲ್ಲಿ ಅದಕ್ಕೆ ಅವಕಾಶವಿಲ್ಲ. ಕೆಲಸ ಕೊಡಿಸಿದ್ದಕ್ಕೆ ಏಜೆನ್ಸಿ ನಿಮ್ಮಿಂದ ಫೀಸು ತೆಗೆದುಕೊಳ್ಳುವಂತಿಲ್ಲ. ಪಾಸ್‌ಪೋರ್ಟ್ ತಮ್ಮ ಹತ್ತಿರ ಇಟ್ಟುಕೊಳ್ಳುವಂತಿಲ್ಲ.

21 ವರ್ಷ ತುಂಬಿದವರಿಗೆ ಕನಿಷ್ಠ ಕೂಲಿ 2025ರ ಏಪ್ರಿಲ್‌ನಲ್ಲಿ ಗಂಟೆಗೆ 12.21 ಪೌಂಡ್ ಆಯಿತು. ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ, ಈಗಿನದನ್ನು ಸರ್ಕಾರದ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಒಂದು ಮನೆಯಿಂದ ಇನ್ನೊಂದಕ್ಕೆ ಲಾರಿಯಲ್ಲಿ ಕೂತು ಹೋಗುವ ಹೊತ್ತು, ಹೊಸ ಮನೆಯ ಬೀಗದ ಕೈ ಬರುವ ತನಕ ರಸ್ತೆಯಲ್ಲಿ ಕಾಯುವ ಹೊತ್ತು, ಎರಡೂ ಕೆಲಸವೇ. ಗಿರಾಕಿ ಕೊಟ್ಟ ಟಿಪ್ಸನ್ನು ಕನಿಷ್ಠ ಕೂಲಿಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ಪ್ರತಿ ದಿನದ ಗಂಟೆಗಳನ್ನು ನೀವೇ ಬರೆದಿಟ್ಟುಕೊಳ್ಳಿ.

ನಿಮ್ಮ ಜೊತೆ ಒಂದೇ ದಿನಕ್ಕೆ ಬರುವವರ ಕಡೆಗೂ ಗಮನ ಇರಲಿ. ಅನುಮಾನ ಬಂದರೆ ಆ ಕಾರಿನವನನ್ನು ನೀವೇ ಎದುರಿಸಲು ಹೋಗಬೇಡಿ, ಏಟು ಬೀಳುವುದು ಒಳಗಿರುವವರಿಗೆ. ಮಾಡರ್ನ್ ಸ್ಲೇವರಿ ಹೆಲ್ಪ್‌ಲೈನ್ ನಂಬರ್ 08000 121 700. ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ. ಯಾರಿಗಾದರೂ ತಕ್ಷಣ ಅಪಾಯ ಇದ್ದರೆ 999ಕ್ಕೆ ಫೋನ್ ಮಾಡಿ ಪೊಲೀಸರನ್ನು ಕರೆಯಿರಿ.

ಮೊದಲ ಪೇಸ್ಲಿಪ್ ಬಂದಾಗ ಅದರಲ್ಲಿ ಏನಾದರೂ ಅರ್ಥವಾಗದಿದ್ದರೆ ಹೆಸರು, ನಂಬರ್ ಮುಚ್ಚಿ ಒಂದು ಫೋಟೋ ಕಳಿಸಿ. ಕೂತು ನೋಡಿ ಹೇಳುತ್ತೇನೆ.