ಸ್ಕೂಲ್ ಬ್ಯಾಗಿನ ಭಾರಕ್ಕೆ ಮಗಳ ಬೆನ್ನು ಹಾಳಾಗುತ್ತದೆಯೇ?

ಆರನೇ ಕ್ಲಾಸಿನ ಮಗಳು ಬ್ಯಾಗ್ ಹೊತ್ತು ಬಂದು ಬೆನ್ನು ನೋವು ಅನ್ನುತ್ತಾಳೆ, ಬೆನ್ನು ಡೊಂಕಾಗಿ ದೊಡ್ಡವಳಾದ ಮೇಲೂ ನರಳುತ್ತಾಳೆಯೇ ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಪೊನ್ನಂಪೇಟೆ ಕಡೆಯ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು.

ಬ್ಯಾಗಿನ ಮೇಲೆ ಅಷ್ಟೊಂದು ಸಿಟ್ಟು ಬೇಡ. ಅದರಿಂದ ಬೆನ್ನುಮೂಳೆ ಡೊಂಕಾಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. 2018ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬ್ಯಾಗಿನ ತೂಕಕ್ಕೂ ಮಕ್ಕಳ ಬೆನ್ನು ನೋವಿಗೂ ಗಟ್ಟಿಯಾದ ನಂಟು ಸಿಗಲಿಲ್ಲ. ಹಾಗಂತ ಹೊರೆ ಹೊರಿಸಬೇಕಿಲ್ಲ. ನಮ್ಮ ರಾಜ್ಯ ಸರ್ಕಾರದ 2019ರ ಆದೇಶದಂತೆ 6ರಿಂದ 8ನೇ ತರಗತಿಯವರ ಬ್ಯಾಗ್ 3–4 ಕೆ.ಜಿ. ಒಳಗಿರಬೇಕು. ಮನೆಯಲ್ಲಿ ಕರಿಮೆಣಸು ತೂಗುವ ಸ್ಕೇಲ್ ಇದ್ದರೆ ಇಟ್ಟು ನೋಡಿ. ಜುಲೈನಲ್ಲಂತೂ ಪುಸ್ತಕದ ಜೊತೆ ಕೊಡೆ, ರೈನ್‌ಕೋಟು, ಇನ್ನೊಂದು ಜೊತೆ ಸಾಕ್ಸ್ ಎಲ್ಲವೂ ಅದರಲ್ಲೇ, ಅಲ್ವಾ?

ನನಗೆ ಚಿಂತೆ ಮಳೆಗಾಲದ್ದು. ಜೂನ್‌ನಲ್ಲಿ ಮೈದಾನ ಕೆಸರಾದರೆ ಮುಗಿಯಿತು. ಮಕ್ಕಳು ಕ್ಲಾಸಲ್ಲಿ ಕೂರುತ್ತಾರೆ, ವ್ಯಾನಲ್ಲಿ ಕೂರುತ್ತಾರೆ, ಮನೆಯಲ್ಲಿ ಮೊಬೈಲ್ ಹಿಡಿದು ಕೂರುತ್ತಾರೆ. ಮಳೆ ಬಿಟ್ಟ ಕೂಡಲೇ ಸ್ಟಿಕ್ ಹಿಡಿದು ಹಾಕಿಗೆ ಓಡಿ ಬರುತ್ತಾರೆ. ಹಾಕಿ ಬಗ್ಗಿ ಆಡುವ ಆಟ. ಸೊಂಟ ಹಿಡಿದುಕೊಳ್ಳದೆ ಇರುತ್ತದೆಯೇ? ಈ ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಳೆಯಲ್ಲೂ ಜಗಲಿಯಲ್ಲಿ ಸ್ಕಿಪ್ಪಿಂಗ್ ಆಡಬಹುದು, ಒಳಗೆ ಸೂರ್ಯ ನಮಸ್ಕಾರ ಮಾಡಬಹುದು.

ಆದರೆ ಅವಳ ನೋವನ್ನು ಶಾಲೆ ತಪ್ಪಿಸುವ ನೆಪ ಅಂದುಕೊಳ್ಳಬೇಡಿ. ಹದಿಹರೆಯದಲ್ಲಿ ಪದೇ ಪದೇ ಬೆನ್ನು ನೋವು ಬಂದವರಿಗೆ ದೊಡ್ಡವರಾದ ಮೇಲೂ ಬರುವ ಸಾಧ್ಯತೆ ಜಾಸ್ತಿ. ನೋವಿದೆ ಅಂತ ಸುಮ್ನೆ ಮಲಗಿಸುವುದೂ ಬೇಡ, ಆದಷ್ಟು ಓಡಾಡಲಿ.

ಡೊಂಕಿನ ಭಯ ಇದ್ದರೆ ಮನೆಯಲ್ಲೇ ನೋಡಬಹುದು. ಪಾದ ಜೋಡಿಸಿ, ಮಂಡಿ ಮಡಿಸದೆ ಮುಂದಕ್ಕೆ ಬಗ್ಗಲು ಹೇಳಿ, ಹಿಂದೆ ನಿಂತು ನೋಡಿ. ಬೆನ್ನು ಒಂದು ಕಡೆ ಉಬ್ಬಿ ಕಂಡರೆ ಮೂಳೆ ಡಾಕ್ಟರಿಗೆ ತೋರಿಸಿ. ಅದು ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಡೊಂಕಾಗುವ ತೊಂದರೆ ಇರಬಹುದು. ಹೆಚ್ಚಿನವರಲ್ಲಿ ಕಾರಣ ತಿಳಿಯುವುದಿಲ್ಲ, ಎಷ್ಟೋ ಸಲ ನೋವೂ ಇರುವುದಿಲ್ಲ. ಹುಡುಗಿಯರಲ್ಲಿ ಸರ್ರನೆ ಎತ್ತರ ಬೆಳೆಯುವಾಗ ಡೊಂಕು ಹೆಚ್ಚಬಹುದು. ಬೇಕಿದ್ದರೆ ಡಾಕ್ಟರ್ ಬೆಲ್ಟ್ ಕೊಡುತ್ತಾರೆ. ಅದು ಕೆಲಸ ಮಾಡುವುದು ಬೆಳೆಯುವ ವಯಸ್ಸಿನಲ್ಲೇ.

ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ತೂಕ ಇಳಿಯುವುದು, ಕಾಲಿನ ಬಲ ಕುಗ್ಗುವುದು, ಮೂತ್ರ ತಡೆಯಲಾಗದಿರುವುದು, ಇವುಗಳಲ್ಲಿ ಒಂದಿದ್ದರೂ ಎಣ್ಣೆ ತಿಕ್ಕಿ ನೋಡೋಣ ಅಂತ ಕಾಯಬೇಡಿ. ಬೆನ್ನುಮೂಳೆಗೂ ಟಿ.ಬಿ. ಬರುತ್ತದೆ. ಕಾಲು ಅಥವಾ ಮೂತ್ರದ ತೊಂದರೆ ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.