ಜೋರಾಗಿ ಒತ್ತಿದರೆ ಬಿಗಿತ ಬಿಡುತ್ತದೆಯೇ?

ಪ್ರಶ್ನೆ: ನನಗೆ 43 ವರ್ಷ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಾಗಿ ಕೂರುತ್ತೇನೆ. ಬಲಗಡೆ ಕುತ್ತಿಗೆಯಿಂದ ಹೆಗಲಿನ ತನಕ ಹಲಗೆಯಂತೆ ಬಿಗಿದಿದೆ. ಮೇಲಿನ ಕಪಾಟಿಗೆ ಕೈ ಎಟುಕುವುದಿಲ್ಲ. ಮಸಾಜಿಗೆ ಹೋದಾಗ ‘ಗಂಟು ಒಡೆಯಬೇಕು’ ಎಂದು ಮೊಣಕೈ ಊರಿ ಒತ್ತಿದರು. ನಾಲ್ಕು ದಿನ ಚರ್ಮ ನೀಲಿಗಟ್ಟಿತ್ತು, ಬಿಗಿತ ಹಾಗೇ ಇದೆ. ಇನ್ನೂ ಜೋರಾಗಿ ಒತ್ತಿಸಿಕೊಳ್ಳಲೇ?

ಉತ್ತರ: ಬೇಡಮ್ಮ, ದಯವಿಟ್ಟು ಬೇಡ. ಇಪ್ಪತ್ತು ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಹೀಗೆ ಒತ್ತಿಸಿಕೊಂಡು ಬಂದವರ ಹೆಗಲು ನನ್ನ ಬೆರಳು ತಾಗುವ ಮೊದಲೇ ಸೆಟೆದುಕೊಳ್ಳುತ್ತದೆ. ನೋಡಿದರೆ ಸಂಕಟವಾಗುತ್ತದೆ.

ಸ್ನಾಯುಗಳನ್ನು ಸುತ್ತಿಕೊಂಡ ಪೊರೆಗೆ ಫ್ಯಾಸಿಯಾ ಎನ್ನುತ್ತೇವೆ. ಅದರಲ್ಲಿರುವುದು ಕೊಲಾಜೆನ್ ನಾರು, ಬಲು ಗಟ್ಟಿ. ತೊಡೆ, ಅಂಗಾಲಿನ ದಪ್ಪ ಪೊರೆಯನ್ನು ಶೇ 1ರಷ್ಟು ಒತ್ತಿ ಕುಗ್ಗಿಸಲೂ ಕೈಬಲ ಸಾಲದು ಎಂದು 2008ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಅಂದಮೇಲೆ ಮೊಣಕೈಗೆ ಒಡೆಯುವ ಗಂಟು ಎಲ್ಲಿಂದ ಬಂತು? ಸಡಿಲವಾಗಬೇಕಾದ್ದು ಸ್ನಾಯುವಿನ ಸೆಟೆತ. ಪೊರೆಯಲ್ಲೂ ಚರ್ಮದಲ್ಲೂ ಇರುವ ನರಗಳಿಗೆ ನಿಧಾನದ ಒತ್ತಡ ತಿಳಿಯುತ್ತದೆ, ಅದರಿಂದ ಹಿಡಿತ ಇಳಿಯುತ್ತಿರಬಹುದು.

ನಾನು ಎಣ್ಣೆ ಹಚ್ಚುವುದಿಲ್ಲ, ಕೈ ಜಾರಿಬಿಡುತ್ತದೆ. ಅಂಗೈಯನ್ನು ಕುತ್ತಿಗೆ ಮತ್ತು ಹೆಗಲ ನಡುವೆ ಇಟ್ಟು, ಚರ್ಮವನ್ನು ಒಂದು ದಿಕ್ಕಿಗೆ ಸರಿಸಿ, ತಡೆದ ಕಡೆ ನಿಲ್ಲಿಸುತ್ತೇನೆ. ಉಜ್ಜುವುದಿಲ್ಲ, ಬರೀ ಕಾಯುತ್ತೇನೆ. ಒಂದೂವರೆ, ಎರಡು ನಿಮಿಷವಾದ ಮೇಲೆ ಬಂದವರ ಉಸಿರು ಉದ್ದವಾಗುತ್ತದೆ, ಅಂಗೈ ಕೆಳಗೆ ಬೆಚ್ಚಗಿನ ಮೇಣದಂತೆ ಏನೋ ಮೆತ್ತಗಾಗುತ್ತದೆ. ಆಗಲೇ ಕೈ ಎತ್ತಿಸಿ ನೋಡುತ್ತೇನೆ.

ಅದಕ್ಕೂ ಮೊದಲು ನೀವೇ ಒಂದು ಪರೀಕ್ಷೆ ಮಾಡಿ. ಬಲಗೈಯನ್ನು ಸಡಿಲ ಬಿಟ್ಟು ಎಡಗೈಯಿಂದ ಎತ್ತಿ. ಹಾಗೆ ಎತ್ತಿದರೂ ಕೈ ಅಲ್ಲೇ ನಿಂತರೆ, ಮೊಣಕೈ ಮಡಚಿ ಪಕ್ಕೆಗೆ ತಾಗಿಸಿ ಮುಂಗೈಯನ್ನು ಹೊರಕ್ಕೆ ಸರಿಸಲೂ ಆಗದಿದ್ದರೆ, ಬಿಗಿದಿರುವುದು ಕೀಲಿನ ಚೀಲವಿರಬಹುದು. ಇದೇ ಫ್ರೋಜನ್ ಶೋಲ್ಡರ್. 40ರಿಂದ 60ರ ನಡುವೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಅದು ಮಸಾಜೊಂದರಿಂದಲೇ ಬಿಡುವುದಿಲ್ಲ, ಮೂಳೆ ವೈದ್ಯರಿಗೆ ತೋರಿಸಿ. ಕೈ ಜೋಮು ಹಿಡಿಯುತ್ತಿದ್ದರೆ, ಹಿಡಿದದ್ದು ಜಾರುತ್ತಿದ್ದರೆ ತಡಮಾಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೈಗೆ ಕೈ ಹಾಕುವ ಮೊದಲೇ ಹೇಳಿ.

ಹೆಗಲು ಸಡಿಲವಾದ ದಿನ ಸುಮ್ಮನೆ ಮಲಗಬೇಡಿ. ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸಿ, ಹತ್ತು ಸಲ. ಯಂತ್ರದ ಮುಂದೆಯೂ ಅರ್ಧ ಗಂಟೆಗೊಮ್ಮೆ ಎದ್ದು ಕೈ ಎತ್ತಿ. ಮೂರು ವಾರ ಬಿಟ್ಟು ಕಪಾಟು ಎಟುಕಿತೇ ಎಂದು ನನಗೆ ಬರೆಯಿರಿ.